ಶೆನಂಡೋವಾದಲ್ಲಿ ಒಂದು ಬೇಸಿಗೆ ದಿನ: ಸಣ್ಣ ದೋಣಿಯಿಂದ ಬಾಸ್ ಮೀನು ಹಿಡಿಯುವವರಿಗೆ ಒಂದು ಕೈಪಿಡಿ

ವಾಷಿಂಗ್ಟನ್ ಡಿ.ಸಿ. ಸುತ್ತಮುತ್ತ, ಹರ್ಂಡನ್, ಆಶ್‌ಬರ್ನ್, ಫೇರ್‌ಫ್ಯಾಕ್ಸ್ ಕಡೆ ಇರುವ ಕನ್ನಡಿಗರಿಗೆ ಶೆನಂಡೋವಾ ಅಂದರೆ ಅಕ್ಟೋಬರ್‌ನಲ್ಲಿ ಎಲೆಗಳ ಬಣ್ಣ ನೋಡಲು ಹೋಗಿ ಸ್ಕೈಲೈನ್ ಡ್ರೈವ್ ಮೇಲೆ ಕಾರಿನ ಸಾಲಿನಲ್ಲಿ ಸಿಕ್ಕಿಕೊಳ್ಳುವ ಜಾಗ. ಅದೇ ಬೆಟ್ಟದ ಮೇಲಿಂದ ಪಶ್ಚಿಮಕ್ಕೆ ನೋಡಿದರೆ ಕೆಳಗಿನ ಕಣಿವೆಯಲ್ಲಿ ಅಂಕುಡೊಂಕಾಗಿ ಹರಿಯುವ ಒಂದು ನದಿ ಕಾಣುತ್ತದೆ. ಸೌತ್ ಫೋರ್ಕ್ ಶೆನಂಡೋವಾ ಅದು. ಜೂನ್ ಕೊನೆಯಿಂದ ಸೆಪ್ಟೆಂಬರ್ ಮೊದಲ ವಾರದವರೆಗೆ ಗೆಳೆಯರ ಜೊತೆ ದೋಣಿಯಲ್ಲಿ ಕೂತು ಗಾಳ ಹಾಕಲು ಈ ಸುತ್ತಿನಲ್ಲಿ ಇದಕ್ಕಿಂತ ಒಳ್ಳೆಯ ನೀರು ನನಗೆ ಗೊತ್ತಿಲ್ಲ. ನೀರು ಆಳವಿಲ್ಲ, ತಳ ಕಾಣುತ್ತದೆ, ಮೋಟರ್ ದೋಣಿಗಳ ಕಾಟವಿಲ್ಲ. ಇಂಟರ್‌ಸ್ಟೇಟ್ 66 ಹಿಡಿದರೆ ಡಿ.ಸಿ.ಯಿಂದ ಫ್ರಂಟ್ ರಾಯಲ್ ಸುಮಾರು 70 ಮೈಲಿ.

ಮೊದಲೇ ಒಂದು ಮಾತು. ಹೊಸಬರು ಈ ದಿನವನ್ನು ಕೆಡಿಸಿಕೊಳ್ಳುವುದು ಮೀನು ಸಿಗದೆ ಅಲ್ಲ, ತುಂಬಾ ದೂರದ ದಾರಿ ಇಟ್ಟುಕೊಂಡು. ದೋಣಿ ಬಾಡಿಗೆ ಕೊಡುವವರು ಹತ್ತು ಹನ್ನೆರಡು ಮೈಲಿಯ ಟ್ರಿಪ್ ತೋರಿಸುತ್ತಾರೆ. ಸುಮ್ಮನೆ ಹುಟ್ಟು ಹಾಕುತ್ತಾ ಹೋಗುವವರಿಗೆ ಅದು ಸರಿ. ಗಾಳ ಹಾಕುವವರು ಗಂಟೆಗೆ ಒಂದು ಮೈಲಿ ಸರಿದರೆ ಹೆಚ್ಚು. ಹಾಗಾಗಿ ನಾಲ್ಕೈದು ಮೈಲಿ ಇಟ್ಟುಕೊಳ್ಳಿ, ಅಷ್ಟೇ. ಉಳಿದದ್ದೆಲ್ಲ ಇದರ ಮೇಲೆ ನಿಂತಿದೆ.

ಮೀನಿನ ಪರಿಚಯ

ಇಲ್ಲಿ ಸಿಗುವುದು ಸ್ಮಾಲ್‌ಮೌತ್ ಬಾಸ್. ಕಂಚಿನ ಬಣ್ಣ, ಪಕ್ಕದಲ್ಲಿ ಮೇಲಿಂದ ಕೆಳಕ್ಕೆ ಮಸುಕಾದ ಪಟ್ಟೆ, ಕೆಂಪು ಕಣ್ಣು. ಕೆರೆಗಳಲ್ಲಿ ಸಿಗುವ ಲಾರ್ಜ್‌ಮೌತ್ ಜೊತೆ ಗೊಂದಲವಾದರೆ ಬಾಯಿ ನೋಡಿ: ಲಾರ್ಜ್‌ಮೌತ್‌ನ ಮೇಲ್ದವಡೆ ಕಣ್ಣನ್ನು ದಾಟಿ ಹಿಂದಕ್ಕೆ ಹೋಗಿರುತ್ತದೆ, ಸ್ಮಾಲ್‌ಮೌತ್‌ನದು ಕಣ್ಣಿನ ನೇರಕ್ಕೇ ನಿಲ್ಲುತ್ತದೆ. ಹೆಸರಲ್ಲಿ ಬಾಸ್ ಇದ್ದರೂ ಎರಡೂ ಸನ್‌ಫಿಶ್ ಕುಟುಂಬದವು.

ಈ ನದಿಯ ಮೂಲ ನಿವಾಸಿಯೇನೂ ಅಲ್ಲ ಇದು. ಅಪಲಾಚಿಯನ್ ಬೆಟ್ಟದ ಆಚೆ, ಓಹಾಯೋ ನದಿಯ ಕಡೆಯದು. 1854ರಲ್ಲಿ ಬಾಲ್ಟಿಮೋರ್ ಮತ್ತು ಓಹಾಯೋ ರೈಲಿನ ಎಂಜಿನ್‌ಗೆ ನೀರು ಒಯ್ಯುವ ತೊಟ್ಟಿಯಲ್ಲಿ ಒಂದಷ್ಟು ಮೀನು ತಂದು ಮೇರಿಲ್ಯಾಂಡ್‌ನ ಕಂಬರ್‌ಲ್ಯಾಂಡ್‌ನಲ್ಲಿ ಬಿಟ್ಟರು. ಪೊಟೊಮ್ಯಾಕ್ ಮತ್ತು ಅದರ ಉಪನದಿಗಳಲ್ಲಿ ಅವು ಬೇರೂರಿದವು. ಬೆಟ್ಟ ದಾಟಿ ರೈಲಲ್ಲಿ ಬಂದು ಇಲ್ಲೇ ನೆಲೆ ನಿಂತ ಮೀನು. ನಾವೂ ಹೆಚ್ಚುಕಡಿಮೆ ಹಾಗೇ ಬಂದವರಾದ್ದರಿಂದ ಅದರ ಬಗ್ಗೆ ತಕರಾರು ತೆಗೆಯುವ ಹಕ್ಕು ನಮಗಿಲ್ಲ.

ದಿನವಿಡೀ ಸಿಗುವುದು 8ರಿಂದ 13 ಇಂಚಿನವು. 20 ಇಂಚು ಅಥವಾ 5 ಪೌಂಡ್ ಮುಟ್ಟಿದರೆ ವರ್ಜೀನಿಯಾ ರಾಜ್ಯವೇ ಟ್ರೋಫಿ ಮೀನು ಅಂತ ಪ್ರಮಾಣಪತ್ರ ಕೊಡುತ್ತದೆ. ಆ ಆಸೆ ಇಟ್ಟುಕೊಂಡು ಹೋಗಬೇಡಿ. ಸೆಳವಿನಲ್ಲಿ ಸಿಕ್ಕಿದ 11 ಇಂಚಿನ ಸ್ಮಾಲ್‌ಮೌತ್ ಮೂರು ಸಲ ನೀರಿಂದ ಮೇಲೆ ಹಾರಿ ತಲೆ ಕೊಡವುವುದನ್ನು ನೋಡಿದ ಮೇಲೆ ಯಾರೂ ಅಳತೆಪಟ್ಟಿ ಕೇಳುವುದಿಲ್ಲ.

ಹಿಂದಿನ ವಾರ ಮಾಡಬೇಕಾದ್ದು

ಲೈಸೆನ್ಸ್. 16 ವರ್ಷ ದಾಟಿದ ಪ್ರತಿಯೊಬ್ಬರಿಗೂ ಸಿಹಿನೀರಿನ ಮೀನುಗಾರಿಕೆ ಲೈಸೆನ್ಸ್ ಬೇಕು. ಒಂದು ದೋಣಿಗೆ ಒಂದು ಅಂತ ಅಲ್ಲ, ಗಾಳ ಹಿಡಿದ ಪ್ರತಿ ಕೈಗೂ ಒಂದು. ವರ್ಜೀನಿಯಾ ವನ್ಯಸಂಪನ್ಮೂಲ ಇಲಾಖೆಯ ವೆಬ್‌ಸೈಟ್‌ನಲ್ಲಿ ಹತ್ತು ನಿಮಿಷದ ಕೆಲಸ. ಮೇರಿಲ್ಯಾಂಡ್‌ನಿಂದ ಬರುವ ಗೆಳೆಯರು ಹೊರರಾಜ್ಯದವರ ಲೈಸೆನ್ಸ್ ತೆಗೆದುಕೊಳ್ಳಬೇಕು, ಅದರಲ್ಲಿ ಒಂದು ದಿನದ್ದೂ ಇದೆ. ಒಮ್ಮೆ ರುಚಿ ನೋಡೋಣ ಅನ್ನುವವರು ಜೂನ್ ಮೊದಲ ಶುಕ್ರವಾರದಿಂದ ಭಾನುವಾರದವರೆಗೆ ಹೋಗಬಹುದು. ಆ ಮೂರು ದಿನ ಲೈಸೆನ್ಸ್ ಬೇಡ. ಆದರೆ ಇಡೀ ರಾಜ್ಯ ಆವತ್ತು ನದಿಯಲ್ಲಿರುತ್ತದೆ.

ದಾರಿಯ ಆಯ್ಕೆ. ಸೌತ್ ಫೋರ್ಕ್ ಪೋರ್ಟ್ ರಿಪಬ್ಲಿಕ್ ಎಂಬಲ್ಲಿ ಹುಟ್ಟಿ, ಮಸನಟನ್ ಬೆಟ್ಟಕ್ಕೂ ಬ್ಲೂ ರಿಡ್ಜ್‌ಗೂ ನಡುವೆ ಉತ್ತರಕ್ಕೆ ಹರಿದು ಫ್ರಂಟ್ ರಾಯಲ್‌ನಲ್ಲಿ ನಾರ್ತ್ ಫೋರ್ಕ್ ಜೊತೆ ಸೇರುತ್ತದೆ. ಅಂದರೆ ನಕ್ಷೆಯಲ್ಲಿ ಮೇಲಕ್ಕೆ ಹೋದಂತೆ ನದಿಯಲ್ಲಿ ಕೆಳಕ್ಕೆ ಹೋಗುತ್ತೀರಿ. ಎಲ್ಲಿ ಇಳಿಯುವುದು ಎಲ್ಲಿ ಹತ್ತುವುದು ಅಂತ ಫೋನಿನಲ್ಲಿ ಮಾತಾಡುವಾಗ ಜನ ಎಡವುವುದು ಇಲ್ಲೇ. ಶೆನಂಡೋವಾ ಊರು, ನ್ಯೂಪೋರ್ಟ್, ಲೂರೇ ಬಳಿ ಸಣ್ಣ ಜಲವಿದ್ಯುತ್ ಅಣೆಕಟ್ಟುಗಳಿವೆ. ಹೊಸಬರು ಅವುಗಳ ಹತ್ತಿರದ ದಾರಿ ಇಟ್ಟುಕೊಳ್ಳಲೇಬಾರದು. ಮೊದಲ ಸಲಕ್ಕೆ ಬೆಂಟನ್‌ವಿಲ್‌ನ ಸರ್ಕಾರಿ ಲ್ಯಾಂಡಿಂಗ್‌ನಲ್ಲಿ ದೋಣಿ ಇಳಿಸಿ. ಅಲ್ಲಿಂದ ಕೆಳಗೆ ಶೆನಂಡೋವಾ ರಿವರ್ ಸ್ಟೇಟ್ ಪಾರ್ಕ್ ಸಿಗುತ್ತದೆ, ಅದರ ದಡವೇ ಐದು ಮೈಲಿಗೂ ಮಿಕ್ಕಿದ್ದು. ಪಾರ್ಕಿನ ದಡದಲ್ಲೇ ದೋಣಿ ಎಳೆದುಕೊಂಡರೂ ಒಂದು ದಿನಕ್ಕೆ ಧಾರಾಳ. ಇನ್ನೂ ಹುಮ್ಮಸ್ಸಿದ್ದರೆ ಮುಂದೆ ಕ್ಯಾರೋ ಲ್ಯಾಂಡಿಂಗ್ ಇದೆ. ಬೆಂಟನ್‌ವಿಲ್‌ನಿಂದ ಮೇಲಿನ ಭಾಗದಲ್ಲಿ ಕಾಂಪ್ಟನ್ಸ್ ರ‍್ಯಾಪಿಡ್ ಎಂಬ ಬಿರುಸಾದ ಇಳಿಜಾರು ಇದೆ. ದೋಣಿ ಪಳಗಿದ ಮೇಲೆ ನೋಡಿಕೊಳ್ಳಿ.

ನೀರಿನ ಮಟ್ಟ. ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣೆಯ ಮಾಪಕಗಳು ಲಿನ್‌ವುಡ್, ಲೂರೇ, ಫ್ರಂಟ್ ರಾಯಲ್ ಬಳಿ ಇವೆ. ದಿನವಿಡೀ ಅಂಕಿ ಇಂಟರ್‌ನೆಟ್‌ನಲ್ಲಿ ಬದಲಾಗುತ್ತಿರುತ್ತದೆ. ಅಂಕಿಗಿಂತ ಗೆರೆ ಯಾವ ಕಡೆ ಹೊರಟಿದೆ ಅನ್ನುವುದು ಮುಖ್ಯ. ಸಮತಟ್ಟಾಗಿದ್ದರೆ ಅಥವಾ ನಿಧಾನವಾಗಿ ಇಳಿಯುತ್ತಿದ್ದರೆ ಹೊರಡಿ. ಏರುತ್ತಿದ್ದರೆ ಮೇಲೆಲ್ಲೋ ಮಳೆಯಾಗಿದೆ, ನೀರು ಕಾಫಿ ಬಣ್ಣಕ್ಕೆ ತಿರುಗುತ್ತಿದೆ ಅಂತ ಅರ್ಥ, ಆ ಶನಿವಾರ ಬೇರೇನಾದರೂ ಮಾಡಿ. ಅನುಮಾನವಿದ್ದರೆ ಅಲ್ಲಿನ ದೋಣಿ ಬಾಡಿಗೆಯವರಿಗೆ ಫೋನ್ ಮಾಡಿ ಕೇಳಿ. ಅವರು ಬೇಡ ಅಂದ ದಿನ ಸ್ವಂತ ದೋಣಿ ಇದೆ ಅಂತ ಧೈರ್ಯ ತೋರಿಸಬೇಡಿ. ವರ್ಜೀನಿಯಾದ ಜುಲೈ ಮಧ್ಯಾಹ್ನ ಮೂರಕ್ಕೆ ಗುಡುಗು ಕಟ್ಟುವುದು ಮಾಮೂಲಿ. ಮುಂಜಾನೆ ಹೊರಟು ಎರಡು ಎರಡೂವರೆಗೆ ಮೇಲೆ ಬರುವ ಲೆಕ್ಕ ಇಟ್ಟುಕೊಳ್ಳಲು ಅದೂ ಒಂದು ಕಾರಣ.

ಕಾರಿನ ಏರ್ಪಾಡು. ನದಿ ನಿಮ್ಮನ್ನು ಕೆಳಕ್ಕೆ ಒಯ್ಯುತ್ತದೆ, ಕಾರು ಮೇಲೇ ಇರುತ್ತದೆ. ಬಾಡಿಗೆ ದೋಣಿಯಾದರೆ ಅವರದೇ ವ್ಯಾನ್ ಇರುತ್ತದೆ. ಸ್ವಂತದ್ದಾದರೆ ಎರಡು ಕಾರು ಬೇಕು. ಎಲ್ಲರೂ ಮೇಲೆ ಹೋಗಿ ದೋಣಿ, ಸಾಮಾನು ಇಳಿಸಿ. ಇಬ್ಬರು ಕಾವಲಿರಲಿ, ಇಬ್ಬರು ಎರಡೂ ಕಾರು ತೆಗೆದುಕೊಂಡು ಕೆಳಗೆ ಹೋಗಿ, ದೋಣಿ ಹೊರುವ ಕಾರನ್ನು ಅಲ್ಲಿ ಬಿಟ್ಟು, ಇನ್ನೊಂದರಲ್ಲಿ ವಾಪಸ್ ಬನ್ನಿ. ಕೆಳಗೆ ಬಿಟ್ಟ ಕಾರಿನ ಕೀ ಮೇಲಿನ ಕಾರಿನ ಕಪ್ ಹೋಲ್ಡರ್‌ನಲ್ಲಿ ಉಳಿಯಬಾರದು. ಎರಡೂ ಕೀ ಒಂದೇ ನೀರು ಹೋಗದ ಚೀಲದಲ್ಲಿ, ಆ ಚೀಲ ದೋಣಿಗೆ ಕಟ್ಟಿದ್ದಾಗಿರಬೇಕು. ಪಾರ್ಕಿನೊಳಗೆ ಕಾರು ಬಿಡುವುದಾದರೆ ಗೇಟು ಎಷ್ಟೊತ್ತಿಗೆ ತೆಗೆಯುತ್ತಾರೆ ಅಂತ ಮೊದಲೇ ವಿಚಾರಿಸಿ, ಹಿಂದಿನ ಸಂಜೆಯೇ ಬಿಡುವುದಕ್ಕೆ ಅವಕಾಶವಿದೆಯೇ ಅಂತಲೂ ಕೇಳಿ.

ಯಾವ ದೋಣಿ

ಮೇಲೆ ಕೂರುವ ಬಗೆಯ ಕಯಾಕ್ ನನ್ನ ಮೊದಲ ಆಯ್ಕೆ. ನೀರು ಒಳಗೆ ನಿಲ್ಲುವುದಿಲ್ಲ, ಬಿದ್ದರೆ ಮತ್ತೆ ಹತ್ತಬಹುದು, ಕಾಲು ಚಾಚಬಹುದು. ಇಬ್ಬರು ಕೂರುವ ಕನೂ ನೋಡಲು ಚೆಂದ, ಮಾತಾಡಲು ಅನುಕೂಲ. ಆದರೆ ಮೀನು ಹಿಡಿಯುವಾಗ ಹಿಂದೆ ಕೂತವನ ಪಾಡು ದೋಣಿ ತಿರುಗಿಸುವುದೇ ಆಗುತ್ತದೆ. ಅರ್ಧ ದಿನಕ್ಕೆ ಜಾಗ ಬದಲಿಸಿಕೊಳ್ಳುವ ಒಪ್ಪಂದ ಇಲ್ಲದಿದ್ದರೆ ಸ್ನೇಹಕ್ಕೇ ಕುತ್ತು. ಮೋಟರ್ ಇಲ್ಲದ ದೋಣಿಗೆ ಈ ರಾಜ್ಯದಲ್ಲಿ ನೋಂದಣಿ ಬೇಡ.

ಲೈಫ್ ಜಾಕೆಟ್ ತಲೆಗೊಂದು ಇರಬೇಕು ಅಂತ ಕಾನೂನು, ಕೋಸ್ಟ್ ಗಾರ್ಡ್ ಒಪ್ಪಿದ್ದೇ ಆಗಬೇಕು. ಕಾನೂನು ದೋಣಿಯಲ್ಲಿ ಇದ್ದರೆ ಸಾಕು ಅನ್ನುತ್ತದೆ, ನಾನು ಮೈಮೇಲೆ ಇರಬೇಕು ಅನ್ನುತ್ತೇನೆ. ನಮ್ಮಲ್ಲಿ ಬಹಳ ಜನ ಈಜು ಕಲಿತದ್ದು ಅಪಾರ್ಟ್‌ಮೆಂಟಿನ ಈಜುಕೊಳದಲ್ಲಿ. ಸೊಂಟದುದ್ದದ ಸೆಳವು ಮನುಷ್ಯನನ್ನು ಎತ್ತಿ ಹಾಕುವ ರೀತಿ ಅಲ್ಲಿ ಗೊತ್ತಾಗುವುದಿಲ್ಲ. ಮೀನು ಹಿಡಿಯುವವರಿಗೆಂದೇ ಎದೆ ಮೇಲೆ ಜೇಬಿರುವ, ಬೆನ್ನಿನ ಕೆಳಭಾಗ ಖಾಲಿ ಇರುವ ಜಾಕೆಟ್ ಸಿಗುತ್ತದೆ, ಅದನ್ನು ಹಾಕಿಕೊಂಡರೆ ಕೂತಲ್ಲಿ ಒತ್ತುವುದಿಲ್ಲ. ಅದಕ್ಕೊಂದು ಸೀಟಿ ಕಟ್ಟಿ. ಕಾಲಿಗೆ ಹಳೆಯ ಶೂ. ಹವಾಯಿ ಚಪ್ಪಲಿ ಮೊದಲ ಕೆಸರಲ್ಲೇ ನದಿಪಾಲು.

ಬಿದ್ದರೆ ಏನು ಮಾಡಬೇಕು ಅನ್ನುವುದನ್ನು ದಡದಲ್ಲೇ ಎಲ್ಲರೂ ಒಮ್ಮೆ ಹೇಳಿಕೊಳ್ಳಿ. ಸೆಳವಿನಲ್ಲಿ ನಿಲ್ಲಲು ಹೋಗಬೇಡಿ. ಕಾಲು ಕಲ್ಲಿನ ಸಂದಿಗೆ ಸಿಕ್ಕಿದರೆ ನೀರು ಮುಂದಕ್ಕೆ ಮಗುಚುತ್ತದೆ. ಬೆನ್ನ ಮೇಲೆ ತೇಲಿ, ಪಾದ ಮೇಲೆತ್ತಿ, ಪಾದ ಮುಂದೆ ಮಾಡಿಕೊಂಡು ಶಾಂತ ನೀರು ಬರುವವರೆಗೆ ಹೋಗಿ. ದೋಣಿ ನಿಮಗಿಂತ ಕೆಳಗಿರಲಿ, ನೀವು ಅದಕ್ಕೂ ಬಂಡೆಗೂ ನಡುವೆ ಸಿಕ್ಕಬಾರದು. ದೋಣಿ ಬಂಡೆಗೆ ಅಡ್ಡ ಸಿಕ್ಕಿಕೊಂಡರೆ ಮೈ ತಾನಾಗಿ ಹಿಂದಕ್ಕೆ ವಾಲುತ್ತದೆ. ಹಾಗೆ ವಾಲಿದರೆ ನೀರು ಒಳನುಗ್ಗಿ ದೋಣಿ ಮಗುಚುತ್ತದೆ, ಆದ್ದರಿಂದ ಬಂಡೆಯ ಕಡೆಗೇ ವಾಲಿ. ಇನ್ನು ದಡದಿಂದ ಬಿದ್ದು ನೀರಲ್ಲಿ ಚಾಚಿಕೊಂಡ ಮರ: ಅದರ ರೆಂಬೆಗಳ ನಡುವೆ ನೀರು ನುಗ್ಗುತ್ತದೆ, ಮನುಷ್ಯ ನುಗ್ಗುವುದಿಲ್ಲ. ಅದರ ಕೆಳಗೆ ದೊಡ್ಡ ಮೀನಿದೆ ಅಂತ ಗೊತ್ತಿದ್ದರೂ ಮೇಲಿನಿಂದ ಹತ್ತಿರ ಹೋಗಬೇಡಿ.

ಲಂಗರು ಬೇಡ. ಸೆಳವಿನಲ್ಲಿ ಪಕ್ಕಕ್ಕೆ ಕಟ್ಟಿದ ಲಂಗರು ಕಯಾಕನ್ನು ಮುಳುಗಿಸಬಲ್ಲದು. ಬಲ್ಲವರು ಹಿಂಭಾಗದಿಂದ ಒಂದು ತುಂಡು ಸರಪಳಿಯನ್ನು ತಳಕ್ಕೆ ಬಿಟ್ಟು ದೋಣಿಯ ವೇಗ ತಗ್ಗಿಸುತ್ತಾರೆ, ಸಿಕ್ಕಿಕೊಂಡರೆ ತಕ್ಷಣ ಕಳಚುವಂತೆ ಕಟ್ಟಿರುತ್ತಾರೆ. ಮೊದಲ ವರ್ಷ ಅದೂ ಬೇಡ. ಆಳವಿಲ್ಲದ ಕಡೆ ಇಳಿದು ದೋಣಿಯನ್ನು ಮಳಲ ಮೇಲೆ ಎಳೆದಿಟ್ಟು, ನಿಂತು ಗಾಳ ಹಾಕುವುದೇ ಸುಖ. ದಡಗಳು ಬಹುಪಾಲು ಖಾಸಗಿ ಜಮೀನು, ಮನೆ ಹಿಂದಿನ ಹುಲ್ಲಿನ ಮೇಲೆ ಹತ್ತಬೇಡಿ.

ಸಾಮಾನು

ಅಂಗಡಿಗೆ ಹೋದರೆ ತಲೆ ತಿರುಗುತ್ತದೆ. ಬೇಕಾದ್ದು ಇಷ್ಟೇ: ಆರೂವರೆಯಿಂದ ಏಳು ಅಡಿಯ ಮೀಡಿಯಮ್ ಅಥವಾ ಮೀಡಿಯಮ್-ಲೈಟ್ ಸ್ಪಿನ್ನಿಂಗ್ ಕೋಲು, 2500 ಅಳತೆಯ ರೀಲು, 6 ಅಥವಾ 8 ಪೌಂಡ್ ಭಾರ ತಡೆಯುವ ತಂಗೂಸಿ, ಅಂದರೆ ಗಾಳದ ದಾರ. ಎರಡು ಕೋಲು ಇದ್ದರೆ ಒಂದಕ್ಕೆ ಮೇಲೆ ತೇಲುವ ಲ್ಯೂರ್ (ಮೀನನ್ನು ಮರುಳು ಮಾಡುವ ನಕಲಿ ಎರೆ), ಇನ್ನೊಂದಕ್ಕೆ ತಳಕ್ಕೆ ಹೋಗುವುದು. ಎರಡಕ್ಕಿಂತ ಹೆಚ್ಚು ತಂದವರ ದೋಣಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ.

ತೇಲುವುದಕ್ಕೆ ಒಂದು ಪಾಪರ್, ಅಂದರೆ ಜಗ್ಗಿದಾಗ ನೀರಿನ ಮೇಲೆ ಸದ್ದು ಮಾಡುವ ಲ್ಯೂರ್. ತಳಕ್ಕೆ ನೆಡ್ ರಿಗ್ ಅನ್ನುವುದು: ಅಣಬೆ ತಲೆಯ ಸಣ್ಣ ಸೀಸದ ಗಾಳ, ಒಂದು ಔನ್ಸಿನ ಹತ್ತನೆಯ ಒಂದು ಭಾಗ ತೂಗುವಂಥದ್ದು, ಅದಕ್ಕೆ ಎರಡೂಮುಕ್ಕಾಲು ಇಂಚಿನ ಮೆತ್ತನೆಯ ಪ್ಲಾಸ್ಟಿಕ್ ಹುಳು. ಮೂರೂವರೆ ಇಂಚಿನ ಟ್ಯೂಬ್ ಅನ್ನುವ ಟೊಳ್ಳು ಪ್ಲಾಸ್ಟಿಕ್ ಲ್ಯೂರ್ ಕೂಡ ಅಷ್ಟೇ ಒಳ್ಳೆಯದು. ಬಣ್ಣ ಹಸಿರುಗುಂಬಳ, ಅಂದರೆ ಕೊಳೆತ ಎಲೆಯ ಹಸಿರು-ಕಂದು. ಕಾರಣ ಇಷ್ಟೇ, ಇಲ್ಲಿನ ಬಾಸ್ ಬೇಸಿಗೆಯಲ್ಲಿ ಹೊಟ್ಟೆ ತುಂಬಿಸಿಕೊಳ್ಳುವುದು ಕಲ್ಲಿನಡಿಯ ಕ್ರೇಫಿಶ್ ಎಂಬ ಸೀಗಡಿಯಂಥ ಪ್ರಾಣಿಯಿಂದ, ಅದು ಅದೇ ಬಣ್ಣ. ಗಾಳ ಹಾಕಿಯೇ ಗೊತ್ತಿಲ್ಲದ ಗೆಳೆಯನಿಗೆ ಒಂದು ಇನ್‌ಲೈನ್ ಸ್ಪಿನ್ನರ್, ಅಂದರೆ ಎಳೆದಾಗ ತಗಡು ಗಿರಗಿರ ತಿರುಗುವ ಲ್ಯೂರ್, ಕೊಟ್ಟುಬಿಡಿ. ಎಸೆದು ಸುತ್ತಿದರೆ ಸಾಕು, ಬಾಸ್ ಬರದಿದ್ದರೂ ಕೆಂಪು ಹೊಟ್ಟೆಯ ಸನ್‌ಫಿಶ್ ಬಂದೇ ಬರುತ್ತದೆ.

ಮೂರು ಮೊನೆಯ ಗಾಳಗಳನ್ನು ತೆಗೆದು ಒಂಟಿ ಗಾಳ ಹಾಕಿ, ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿ. ಮೀನಿಗೆ ಒಳ್ಳೆಯದು ಅನ್ನುವುದು ಒಂದು ಮಾತು. ಅಲ್ಲಾಡುವ ಸಣ್ಣ ದೋಣಿಯಲ್ಲಿ ಒದ್ದಾಡುವ ಮೀನಿನ ಬಾಯಲ್ಲಿ ಒಂದು ಮೊನೆ, ನಿಮ್ಮ ಹೆಬ್ಬೆರಳಲ್ಲಿ ಇನ್ನೊಂದು ಅನ್ನುವ ಸ್ಥಿತಿಯಿಂದ ಪಾರಾಗುವುದು ಇನ್ನೊಂದು.

ಪೋಲರೈಸ್ಡ್ ಕನ್ನಡಕ ಐಷಾರಾಮವಲ್ಲ. ಅದಿಲ್ಲದೆ ಮುಂದಿನ ಭಾಗದಲ್ಲಿ ಹೇಳುವುದು ಯಾವುದೂ ಕಾಣಿಸುವುದಿಲ್ಲ.

ನೀರು ಓದುವುದು

ಜುಲೈನಲ್ಲಿ ಸೂರ್ಯ ಹುಟ್ಟುವುದು ಹೆಚ್ಚುಕಡಿಮೆ ಆರಕ್ಕೆ. ಅಷ್ಟು ಹೊತ್ತಿಗೆ ನೀರಲ್ಲಿರಿ. ಮಂಜು ಇನ್ನೂ ಎದ್ದಿರುವುದಿಲ್ಲ, ಬಾಸ್ ದಡದ ಹತ್ತಿರ ಒಂದೆರಡು ಅಡಿ ನೀರಿಗೆ ಬಂದಿರುತ್ತದೆ. ಪಾಪರನ್ನು ದಡಕ್ಕೆ ಹತ್ತಿರ, ಮರದ ಬೇರು ಚಾಚಿದ ಕಡೆ, ನೀರು ನಿಧಾನವಾಗುವ ಕಡೆ ಎಸೆಯಿರಿ. ಎಸೆದ ತಕ್ಷಣ ಎಳೆಯಬೇಡಿ. ಬಿದ್ದ ಉಂಗುರಗಳು ಅಳಿಸಿಹೋಗುವವರೆಗೆ ಬಿಡಿ, ಒಂದು ಸಣ್ಣ ಜಗ್ಗು, ಮತ್ತೆ ನಿಲ್ಲಿಸಿ. ಬಹಳ ಸಲ ಅದು ಕಚ್ಚುವುದು ನಿಂತಾಗಲೇ. ನೀರು ಚಿಮ್ಮಿದ ಸದ್ದಿಗೆ ಬೆಚ್ಚಿ ಕೋಲೆತ್ತಿದರೆ ಲ್ಯೂರ್ ನಿಮ್ಮ ಮುಖಕ್ಕೇ ಬರುತ್ತದೆ. ತಂಗೂಸಿಯಲ್ಲಿ ಭಾರ ಗೊತ್ತಾಗುವವರೆಗೆ ಕಾದು ಎತ್ತಿ.

ಬಿಸಿಲು ನೀರಿಗೆ ಬಿದ್ದ ಮೇಲೆ ಆಟ ಬೇರೆ. ಸೌತ್ ಫೋರ್ಕ್‌ನ ವಿಶೇಷವೇ ಕಲ್ಲಿನ ಅಡ್ಡಸಾಲುಗಳು. ನದಿಯ ತಳದ ಬಂಡೆಯ ಪದರಗಳು ಓರೆಯಾಗಿ ಎದ್ದು ಈ ದಡದಿಂದ ಆ ದಡದವರೆಗೆ ತಗ್ಗು ಗೋಡೆಗಳಂತೆ ಮಲಗಿವೆ. ಕೆಲವು ನೀರಿಗಿಂತ ಒಂದು ಗೇಣು ಮೇಲೆ, ಹೆಚ್ಚಿನವು ಒಂದು ಗೇಣು ಕೆಳಗೆ. ನೀರು ಪ್ರತಿ ಸಾಲಿನ ಮೇಲೆ ಸರಿದು, ಎಲ್ಲೋ ಮುರಿದ ಒಂದು ಬಾಗಿಲಲ್ಲಿ ನುಗ್ಗುತ್ತದೆ.

ಒಂದು ಸಾಲನ್ನು ನಿಂತು ನೋಡಿ. ಬಾಗಿಲಿನ ಕೆಳಗೆ ನೀರು ನಾಲಿಗೆಯಾಗಿ ಚಾಚುತ್ತದೆ, ನೊರೆ ಇರುತ್ತದೆ. ನಾಲಿಗೆಯ ಎರಡೂ ಪಕ್ಕ ನೀರು ನಿಂತಂತೆ ಕಾಣುತ್ತದೆ. ಗಮನಿಸಿದರೆ ನಿಂತಿಲ್ಲ, ನಿಧಾನವಾಗಿ ಹಿಂದಕ್ಕೆ, ಕಲ್ಲಿನ ಕಡೆಗೇ ತಿರುಗುತ್ತಿರುತ್ತದೆ. ತೇಲುವ ಎಲೆಯೊಂದು ನಾಲಿಗೆಯಲ್ಲಿ ಓಡಿ ಬಂದು, ಅಂಚು ದಾಟಿ, ಸುತ್ತು ಹಾಕಿ ವಾಪಸ್ ಹೋಗುವುದು ಕಂಡರೆ ನೀವು ಸರಿಯಾದ ಜಾಗ ನೋಡುತ್ತಿದ್ದೀರಿ. ಓಡುವ ನೀರಿಗೂ ತಿರುಗುವ ನೀರಿಗೂ ನಡುವೆ ಒಂದು ಗೆರೆ ಇದೆ, ಮೇಲ್ಮೈಯಲ್ಲಿ ಸಣ್ಣ ಸುಕ್ಕಿನ ಸಾಲಾಗಿ ಕಾಣುತ್ತದೆ. ಬಾಸ್ ನಿಲ್ಲುವುದು ಆ ಗೆರೆಯ ನಿಧಾನದ ಕಡೆ, ತಲೆ ಸೆಳವಿನ ಕಡೆಗೆ. ಹೆಚ್ಚು ಈಜದೆ ನಿಂತಿರಬಹುದು, ತಿನ್ನುವುದು ಪಕ್ಕದಲ್ಲೇ ಹರಿದು ಬರುತ್ತದೆ. ಬೆಳಗ್ಗೆ ಹೋಟೆಲಿನಲ್ಲಿ ಅಡುಗೆಮನೆ ಬಾಗಿಲ ಪಕ್ಕದ ಮೇಜು ಹಿಡಿದು ಕೂರುವವರು ನಿಮಗೆ ಗೊತ್ತಲ್ಲ, ಅದೇ ಲೆಕ್ಕಾಚಾರ.

ಆದ್ದರಿಂದ ಲ್ಯೂರನ್ನು ನಿಧಾನದ ನೀರಿಗೆ ನೇರ ಎಸೆಯಬೇಡಿ. ಸಾಲಿನ ಮೇಲ್ಭಾಗಕ್ಕೆ ಎಸೆದು, ನೀರೇ ಅದನ್ನು ಬಾಗಿಲಿನಿಂದ ಇಳಿಸಿ ಗೆರೆಯ ಅಂಚಿಗೆ ತರುವಂತೆ ಬಿಡಿ. ಕೋಲು ತುಸು ಎತ್ತಿ, ತಂಗೂಸಿ ತೀರಾ ಬಿಗಿಯೂ ಅಲ್ಲ, ತೀರಾ ಸಡಿಲವೂ ಅಲ್ಲ. ತಳದ ಕಲ್ಲಿಗೆ ಟಕ್ ಟಕ್ ಅಂತ ತಾಗುವುದು ಬೆರಳಿಗೆ ಗೊತ್ತಾಗಬೇಕು. ಗೊತ್ತಾಗದಿದ್ದರೆ ಸೀಸ ಹಗುರವಾಯಿತು, ಪ್ರತಿ ಸಲವೂ ಸಿಕ್ಕಿಕೊಂಡರೆ ಭಾರವಾಯಿತು. ಕಚ್ಚಿದ್ದು ಬಹಳ ಸಲ ಜಗ್ಗಿದಂತೆ ಅನಿಸುವುದೇ ಇಲ್ಲ. ಟಕ್ ಟಕ್ ನಿಂತುಹೋಗುತ್ತದೆ, ಇಲ್ಲವೇ ನೀರಿಗೆ ತಾಗುವ ಕಡೆ ತಂಗೂಸಿ ಒಂದಿಂಚು ಪಕ್ಕಕ್ಕೆ, ಸೆಳವಿಗೆ ಎದುರಾಗಿ ಸರಿಯುತ್ತದೆ. ಆಗ ಸುತ್ತಿ, ಎತ್ತಿ.

ಸಾಲಿನ ಮೇಲ್ಭಾಗವನ್ನೂ ಬಿಡಬೇಡಿ. ಬಂಡೆಗೆ ಬಡಿದ ನೀರು ಅಲ್ಲೂ ಒಂದು ಮೆತ್ತೆ ಮಾಡಿಕೊಂಡಿರುತ್ತದೆ, ದೊಡ್ಡ ಮೀನು ಬಹಳ ಸಲ ಅಲ್ಲೇ ಇರುತ್ತದೆ. ಜನ ನಾಲಿಗೆಯನ್ನು ನೋಡುವ ಭರದಲ್ಲಿ ಅದರ ಮೇಲೆಯೇ ದೋಣಿ ತೇಲಿಸಿಕೊಂಡು ಹೋಗುತ್ತಾರೆ.

ನಡುಮಧ್ಯಾಹ್ನ ನೀರು 80 ಡಿಗ್ರಿ ಫ್ಯಾರನ್‌ಹೀಟ್ ದಾಟಿದಾಗ ಉದ್ದನೆಯ ನಿಂತ ಮಡುಗಳನ್ನು ಬಿಟ್ಟುಬಿಡಿ. ಕಲ್ಲಿನ ಮೇಲೆ ಗುಳುಗುಳು ಹರಿಯುವ ಜಾಗದ ಕೆಳಗೆ, ಗಾಳಿ ಬೆರೆತ ನೀರಲ್ಲಿ, ಸಿಕಮೋರ್ ಮರದ ನೆರಳು ಬಿದ್ದ ಆಳದಲ್ಲಿ ಹುಡುಕಿ.

ಗೆಳೆಯರ ನಡುವೆ ಒಂದು ಶಿಸ್ತು ಬೇಕು. ಮುಂದಿನ ದೋಣಿಗೆ ಮೊದಲ ಎಸೆತ ಸಿಗುತ್ತದೆ, ಹಿಂದಿನವರಿಗೆ ಎಂಜಲು. ಒಬ್ಬರು ಎಡ ದಡ, ಒಬ್ಬರು ಬಲ ದಡ ಹಿಡಿದು, ಪ್ರತಿ ಎರಡು ಸಾಲಿಗೊಮ್ಮೆ ಮುಂದಿನವರು ಹಿಂದಕ್ಕೆ ಬನ್ನಿ. ಒಬ್ಬರು ನಿಂತು ಗಾಳ ಹಾಕುತ್ತಿರುವ ಗೆರೆಯ ಮೇಲೆ ದೋಣಿ ತೇಲಿಸಬೇಡಿ, ಬೆನ್ನ ಹಿಂದೆ ಹೋಗಿ. ಕೊನೆಯ ದೋಣಿ ಯಾವಾಗಲೂ ಪಳಗಿದವರದ್ದಾಗಿರಲಿ, ಯಾರಾದರೂ ಬಿದ್ದರೆ ಮೇಲಿಂದ ಬಂದು ಹಿಡಿಯಬಹುದು.

ಊಟ, ಬಿಸಿಲು, ಟ್ಯೂಬಿನವರು

ಶನಿವಾರ ಹನ್ನೊಂದರ ಮೇಲೆ ಟ್ಯೂಬುಗಳು ಬರುತ್ತವೆ. ಹಾಡು, ಕೂಗು, ಒಂದಕ್ಕೊಂದು ಕಟ್ಟಿದ ಹತ್ತು ಹದಿನೈದು ಗಾಳಿ ಚಕ್ರ. ಸಿಟ್ಟು ಮಾಡಿಕೊಳ್ಳಬೇಡಿ, ನದಿ ಅವರದೂ ಹೌದು. ಊಟದ ಹೊತ್ತು ಅದೇ ಅಂತ ಇಟ್ಟುಕೊಳ್ಳಿ. ಆಗುವುದಾದರೆ ಒಂದು ದಿನ ರಜೆ ಹಾಕಿ ಮಂಗಳವಾರವೋ ಬುಧವಾರವೋ ಹೋಗಿ, ಮೀಟಿಂಗ್‌ಗಳು ನೀವಿಲ್ಲದೆಯೂ ನಡೆಯುತ್ತವೆ.

ಐಸ್ ಪೆಟ್ಟಿಗೆಯಲ್ಲಿ ಮೊಸರನ್ನ, ಉಪ್ಪಿನಕಾಯಿ, ಪುಳಿಯೋಗರೆ. ಕೈ ಮೀನು ವಾಸನೆ ಹೊಡೆಯುತ್ತಿರುತ್ತದೆ, ಚಮಚ ಮರೆಯಬೇಡಿ. ತಲೆಗೆ ಎರಡು ಮೂರು ಲೀಟರ್ ನೀರು. ನದಿ ಮೇಲೆ ಗಾಳಿ ಇರುವುದರಿಂದ ಬಾಯಾರಿದ್ದು ತಡವಾಗಿ ಗೊತ್ತಾಗುತ್ತದೆ. ತೆಳುವಾದ ತುಂಬುತೋಳಿನ ಅಂಗಿ ಸನ್‌ಸ್ಕ್ರೀನಿಗಿಂತ ಮೇಲು. ನಮ್ಮ ಬಣ್ಣಕ್ಕೆ ಬಿಸಿಲು ಏನೂ ಮಾಡುವುದಿಲ್ಲ ಅನ್ನುವವರ ತೊಡೆಯ ಮೇಲ್ಭಾಗವನ್ನು ಸಂಜೆ ನೋಡಬೇಕು. ಬಿಯರ್ ಮನೆಗೆ ಬಂದ ಮೇಲೆ. ಸಾರ್ವಜನಿಕ ಜಾಗದಲ್ಲಿ ಕುಡಿಯುವುದು ವರ್ಜೀನಿಯಾದಲ್ಲಿ ಕಾನೂನಿಗೆ ವಿರುದ್ಧ, ಕುಡಿದು ದೋಣಿ ನಡೆಸುವುದು ಇನ್ನೂ ದೊಡ್ಡ ಅಪರಾಧ.

ಗುಡುಗು ಕೇಳಿಸಿತೋ, ದಡಕ್ಕೆ. ಕೈಯಲ್ಲಿರುವ ಏಳಡಿ ಕೋಲು ಗ್ರಾಫೈಟಿನದು, ಅದು ಕರೆಂಟು ಹರಿಸುತ್ತದೆ. ಒಂಟಿ ದೊಡ್ಡ ಮರದಡಿ ನಿಲ್ಲದೆ, ಕೊನೆಯ ಗುಡುಗಾಗಿ ಅರ್ಧ ಗಂಟೆ ಕಳೆದ ಮೇಲೆ ಹೊರಡಿ. ನೀರಿನ ಮೇಲೆ ಹಸಿರು ಬಣ್ಣ ಚೆಲ್ಲಿದಂತೆ ಅಥವಾ ತಳದಿಂದ ಕಿತ್ತು ಬಂದ ಕೊಳೆತ ಚಾಪೆಯಂತೆ ಪಾಚಿ ಕಂಡರೆ ಮುಟ್ಟಬೇಡಿ, ಮಕ್ಕಳು, ನಾಯಿ ಇದ್ದರೆ ಹತ್ತಿರಕ್ಕೂ ಬಿಡಬೇಡಿ. 2021ರಲ್ಲಿ ನಾರ್ತ್ ಫೋರ್ಕ್‌ನ ಒಂದು ಭಾಗದಲ್ಲಿ ಇಂಥ ವಿಷಪಾಚಿಯ ಕಾರಣ ನೀರಿಗಿಳಿಯಬೇಡಿ ಅಂತ ಆರೋಗ್ಯ ಇಲಾಖೆಯೇ ಎಚ್ಚರಿಕೆ ಕೊಟ್ಟಿತ್ತು.

ಹಿಡಿದದ್ದನ್ನು ಬಿಡುವುದು

ಬೇಸಿಗೆ ನೀರಿನಲ್ಲಿ ಆಮ್ಲಜನಕ ಕಡಿಮೆ. ಮೀನನ್ನು ಆಡಿಸಿ ಆಡಿಸಿ ಸುಸ್ತು ಮಾಡಬೇಡಿ, ಬೇಗ ತನ್ನಿ. ಕೈ ಒದ್ದೆ ಮಾಡಿಕೊಳ್ಳಿ, ಒಣ ಕೈ ಅದರ ಮೈಮೇಲಿನ ಲೋಳೆ ಕಿತ್ತುಬಿಡುತ್ತದೆ. ಹೆಬ್ಬೆರಳನ್ನು ಕೆಳದವಡೆಯೊಳಗೆ ಇಟ್ಟು ಹಿಡಿದರೆ ಬಾಸ್ ಸುಮ್ಮನಾಗುತ್ತದೆ. ಅದರ ಹಲ್ಲು ಉಪ್ಪುಕಾಗದದಷ್ಟು ಒರಟು ಅಷ್ಟೇ, ಕಚ್ಚುವುದಿಲ್ಲ. ಬೆನ್ನ ಮೇಲಿನ ಮುಳ್ಳಿನ ರೆಕ್ಕೆಯ ಬಗ್ಗೆ ಎಚ್ಚರ. ಆಗುವಷ್ಟು ಮಟ್ಟಿಗೆ ನೀರಲ್ಲೇ ಇಕ್ಕಳದಿಂದ ಗಾಳ ಬಿಡಿಸಿ. ಬರೀ ದವಡೆಯಿಂದ ನೇತಾಡಿಸಿ ಫೋಟೋ ಬೇಡ, ಇನ್ನೊಂದು ಕೈ ಹೊಟ್ಟೆಯ ಕೆಳಗೆ ಕೊಡಿ. ಕ್ಯಾಮೆರಾ ತಯಾರಾದ ಮೇಲೆ ಮೀನನ್ನು ಎತ್ತಿ, ಅದಕ್ಕೂ ಮೊದಲಲ್ಲ. ಗಾಳ ಗಂಟಲಾಳಕ್ಕೆ ಹೋಗಿದ್ದರೆ ಕೀಳದೆ ತಂಗೂಸಿ ಕತ್ತರಿಸಿ ಬಿಟ್ಟುಬಿಡಿ. ಬಿಡುವಾಗ ತಲೆ ಸೆಳವಿನ ಕಡೆಗೆ ಮಾಡಿ ಹಿಡಿದಿರಿ. ಕಿವಿರು ಎರಡು ಮೂರು ಸಲ ತೆರೆದು ಮುಚ್ಚುತ್ತದೆ, ಬಾಲ ಗಟ್ಟಿಯಾಗುತ್ತದೆ, ಹೊರಟುಹೋಗುತ್ತದೆ.

ಮಂಗಳೂರು, ಕಾರವಾರದ ಗೆಳೆಯರಿಗೆ ಇಲ್ಲಿ ಒಂದು ಪ್ರಶ್ನೆ ಇದ್ದೇ ಇರುತ್ತದೆ: ತವಾ ಫ್ರೈ ಯಾಕಲ್ಲ? ಈ ನದಿಯ ಮಟ್ಟಿಗೆ ಉತ್ತರ ಪಾದರಸ. ಸೌತ್ ಫೋರ್ಕ್‌ಗೆ ನೀರು ತರುವ ಸೌತ್ ರಿವರ್ ದಡದ ವೇನ್ಸ್‌ಬರೋದಲ್ಲಿ ಡುಪಾಂಟ್ ಕಂಪನಿಯ ನೂಲಿನ ಕಾರ್ಖಾನೆ ಇತ್ತು. 1929ರಿಂದ 1950ರವರೆಗೆ ಅಲ್ಲಿ ಬಳಸಿದ ಪಾದರಸ ನದಿಗೆ ಸೇರಿತು, 2016ರ ಕೊನೆಗೆ ಕಂಪನಿ ಸುಮಾರು 5 ಕೋಟಿ ಡಾಲರ್‌ನ ಪರಿಹಾರಕ್ಕೆ ಒಪ್ಪಿತು. ಆ ಪಾದರಸ ಇಂದಿಗೂ ಮಣ್ಣಲ್ಲಿ, ಹುಳದಲ್ಲಿ, ಅಲ್ಲಿಂದ ಬಾಸ್‌ನಲ್ಲಿ ಇದೆ. ಸೌತ್ ಫೋರ್ಕ್‌ನ ಮೀನು ಎಷ್ಟು ತಿನ್ನಬಹುದು ಅಂತ ರಾಜ್ಯದ ಆರೋಗ್ಯ ಇಲಾಖೆ ಮಿತಿ ಹಾಕಿದೆ, ಗರ್ಭಿಣಿಯರು ಮತ್ತು ಚಿಕ್ಕ ಮಕ್ಕಳು ತಿನ್ನಲೇಬಾರದು. ಇದರ ಮೇಲೆ 2004ರಲ್ಲಿ ನಾರ್ತ್ ಫೋರ್ಕ್‌ನಲ್ಲಿ, 2005ರಲ್ಲಿ ಸೌತ್ ಫೋರ್ಕ್‌ನಲ್ಲಿ ವಸಂತ ಕಾಲದಲ್ಲಿ ಸ್ಮಾಲ್‌ಮೌತ್ ರಾಶಿರಾಶಿಯಾಗಿ ಸತ್ತವು. ಇದೇ ಕಾರಣ ಅಂತ ಬೆರಳಿಟ್ಟು ತೋರಿಸಲು ಆಗಲಿಲ್ಲ. ಈ ಮೀನು ತಿರುಗಿ ಚೇತರಿಸಿಕೊಂಡದ್ದು. ಹುರಿಯುವುದಕ್ಕೆ ಲಾಟೆ ಎಂಬ ಕೊರಿಯನ್ ಅಂಗಡಿಯಲ್ಲಿ ಬಂಗುಡೆ ಸಿಗುತ್ತದೆ.

ಸಸ್ಯಾಹಾರಿ ಗೆಳೆಯರ ಪ್ರಶ್ನೆ ಇನ್ನೂ ಚುರುಕಾದದ್ದು: ತಿನ್ನುವುದೂ ಇಲ್ಲ ಅಂದಮೇಲೆ ಅದರ ಬಾಯಿಗೆ ಗಾಳ ಯಾಕೆ? ಕಾವೇರಿಯ ಭೀಮೇಶ್ವರಿಯಲ್ಲಿ ಬಿಳಿಮೀನು (ಮಹಶೀರ್) ಹಿಡಿದು ಬಿಡುತ್ತಿದ್ದವರಿಗೂ ಇದೇ ಪ್ರಶ್ನೆ ಹಾಕುತ್ತಿದ್ದರು. ನನ್ನ ಹತ್ತಿರ ತೃಪ್ತಿಕರ ಉತ್ತರವಿಲ್ಲ. ಅಂಥವರು ಹುಟ್ಟು ಹಿಡಿದು, ಕನ್ನಡಕ ಹಾಕಿಕೊಂಡು ಗೆರೆ ತೋರಿಸಲಿ. ಕಲಿಯುವುದು ಅದರಲ್ಲೇ ಹೆಚ್ಚು.

ದೋಣಿ ಮೇಲೆಳೆದ ಮೇಲೆ

ಲ್ಯಾಂಡಿಂಗ್‌ನಲ್ಲಿ ದಾರಿ ಬಿಟ್ಟು ಪಕ್ಕಕ್ಕೆ ಎಳೆದುಕೊಂಡು ಸಾಮಾನು ಬಿಚ್ಚಿ, ಹಿಂದೆ ಬರುವವರು ಕಾಯುತ್ತಿರುತ್ತಾರೆ. ತುಂಡಾದ ತಂಗೂಸಿ ಒಂದಿಂಚೂ ಬಿಡಬೇಡಿ, ಹಕ್ಕಿಗಳ ಕಾಲಿಗೆ ಸುತ್ತಿಕೊಳ್ಳುತ್ತದೆ. ದೋಣಿಯ ಕೆಸರು ಅಲ್ಲೇ ತೊಳೆದು ಮನೆಯಲ್ಲಿ ಪೂರ್ತಿ ಒಣಗಿಸಿ, ಒಂದು ನದಿಯ ಕಳೆ ಇನ್ನೊಂದಕ್ಕೆ ಹೋಗಬಾರದು. ದಡದ ಪೊದೆಗೆ ಮೂತ್ರಕ್ಕೆ ಹೋದವರು ಮೂರು ಮೂರು ಎಲೆಯ ಬಳ್ಳಿ ತಾಗಿಸಿಕೊಂಡಿದ್ದರೆ ಸೋಪು ಹಾಕಿ ತಣ್ಣೀರಲ್ಲಿ ಉಜ್ಜಿ ತೊಳೆಯಿರಿ. ಅದು ಪಾಯಿಸನ್ ಐವಿ, ಎಣ್ಣೆ ಮೈಗಂಟಿದರೆ ವಾರಗಟ್ಟಲೆ ತುರಿಕೆ.

ಕಾರು ಹತ್ತುವ ಮುಂಚೆ ಉಣುಗು ನೋಡಿಕೊಳ್ಳಿ. ಮಂಗನ ಕಾಯಿಲೆ ಕಂಡ ಮಲೆನಾಡಿನವರಿಗೆ ಇದನ್ನು ವಿವರಿಸಬೇಕಿಲ್ಲ. ಇಲ್ಲಿ ಅದು ಹರಡುವುದು ಲೈಮ್ ಕಾಯಿಲೆ. ಮೊಣಕಾಲ ಹಿಂದೆ, ಸೊಂಟದ ಪಟ್ಟಿಯ ಕೆಳಗೆ, ಕಂಕುಳಲ್ಲಿ, ಕಿವಿಯ ಹಿಂದೆ. ಕಚ್ಚಿಕೊಂಡಿದ್ದರೆ ಸಣ್ಣ ಚಿಮುಟದಿಂದ ಚರ್ಮಕ್ಕೆ ತೀರಾ ಹತ್ತಿರ ಹಿಡಿದು ನೇರವಾಗಿ ಎಳೆಯಿರಿ, ತಿರುಚಬೇಡಿ, ಬೆಂಕಿ ಕಡ್ಡಿ ತಾಗಿಸಬೇಡಿ. ಆ ದಿನಾಂಕವನ್ನು ಫೋನಿನಲ್ಲಿ ಬರೆದಿಟ್ಟುಕೊಳ್ಳಿ. ಮುಂದಿನ ಕೆಲವು ವಾರಗಳಲ್ಲಿ ಜ್ವರ ಬಂದರೆ ಅಥವಾ ಕಚ್ಚಿದ ಜಾಗದ ಸುತ್ತ ಕೆಂಪು ಉಂಗುರ ಹರಡಿದರೆ ಡಾಕ್ಟರ್ ಮೊದಲು ಕೇಳುವುದು ಅದನ್ನೇ.